ಅಂಗಡಿ ಇಡಬೇಕೋ, ಸ್ಟಾರ್ಟಪ್ ಮಾಡಬೇಕೋ: ವ್ಯಾಪಾರ ಮತ್ತು ಉದ್ಯಮಶೀಲತೆಯ ನಡುವೆ ಆರಿಸಿಕೊಳ್ಳುವ ಬಗೆ

ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದಾಗ, ಕುರ್ಚಿಯೇ ಇಲ್ಲದ ಹೋಟೆಲಿಗೆ ಜನ ಬರುತ್ತಾರೆ ಅನ್ನುವ ಖಾತ್ರಿ ಇರುವ ಹಾಗಿರಲಿಲ್ಲ. ಊರಿನವರಿಗೆ ಹೋಟೆಲ್ ಅಂದರೆ ಕೂತು ತಿನ್ನುವ ಜಾಗ. ಸಪ್ಲೈಯರ್ ಬಂದು ನೀರಿಟ್ಟು ‘ಏನ್ ಕೊಡ್ಲಿ ಸಾರ್’ ಅಂತ ಕೇಳಬೇಕು. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರಿನಲ್ಲಿ ನೀವೇ ಇಡ್ಲಿ ಇಸಕೊಳ್ಳಿ, ನಿಂತೇ ತಿಂದು ಹೊರಡಿ ಅಂದರೆ ಗಿರಾಕಿ ಒಪ್ಪುತ್ತಾನೋ ಬೇಜಾರಾಗಿ ಎದುರಿನ ಹೋಟೆಲಿಗೆ ಹೋಗುತ್ತಾನೋ, ಬಾಗಿಲು ತೆರೆದ ಮೇಲೇ ತಿಳಿಯಬೇಕು. ಒಪ್ಪಿದರು. ಈಗ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದೆರಡು ದರ್ಶಿನಿ ಸಿಗುತ್ತವೆ.

ಇವತ್ತು ದರ್ಶಿನಿ ತೆರೆಯುವವರಿಗೆ ಆ ಅನುಮಾನ ಇಲ್ಲ. ಜನ ನಿಂತು ತಿನ್ನುತ್ತಾರೆ ಅನ್ನುವುದು ತೀರ್ಮಾನವಾಗಿ ಹೋದ ವಿಷಯ. ಅವರ ತಲೆನೋವು ಬೇರೆ: ಈ ಮೂಲೆಯಲ್ಲಿ ನಡೆಯುತ್ತದಾ, ಬಾಡಿಗೆ ಗಿಟ್ಟುತ್ತದಾ, ದೋಸೆ ಮಾಸ್ಟರ್ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುತ್ತಾನಾ. ಮೊದಲ ದರ್ಶಿನಿ ಉದ್ಯಮಶೀಲತೆ, ನೂರನೆಯದು ವ್ಯಾಪಾರ. ತವಾ ಅದೇ, ಸಾಂಬಾರ್ ಅದೇ. ಮಾಲೀಕನಿಗೆ ಗೊತ್ತಿಲ್ಲದ ಸಂಗತಿ ಯಾವುದು ಅನ್ನುವುದಷ್ಟೇ ಬದಲಾಗಿದೆ.

ನೌಕರಿ ಬಿಟ್ಟು ‘ಏನಾದ್ರೂ ಸ್ವಂತದ್ದು’ ಮಾಡಬೇಕು ಅಂದುಕೊಂಡವರು ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಇದನ್ನೇ. ಕೂಡಿಟ್ಟ ಗಂಟು ಎಷ್ಟು, ಐಡಿಯಾ ಎಷ್ಟು ದೊಡ್ಡದು ಅನ್ನುವ ಲೆಕ್ಕ ಆಮೇಲೆ. ಕೊಳ್ಳುವವರು ಇದ್ದಾರೆ ಅಂತ ಆಗಲೇ ಗೊತ್ತಿದ್ದು, ‘ನನ್ನ ಕೈಲಿ ಇದನ್ನು ನೆಟ್ಟಗೆ ನಡೆಸೋಕೆ ಆಗುತ್ತಾ’ ಅನ್ನುವ ಪ್ರಶ್ನೆ ಮಾತ್ರ ಉಳಿದಿದ್ದರೆ ನೀವು ವ್ಯಾಪಾರಕ್ಕೆ ಇಳಿಯುತ್ತಿದ್ದೀರಿ. ‘ಇದನ್ನು ಕೊಳ್ಳುವವರು ಇದ್ದಾರಾ’ ಅನ್ನುವುದೇ ಪ್ರಶ್ನೆಯಾಗಿದ್ದರೆ ನೀವು ಹಿಡಿದಿರುವುದು ಉದ್ಯಮಶೀಲತೆಯ ದಾರಿ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಈ ಗೆರೆ ಎಳೆದಿದ್ದರು. ಲೆಕ್ಕ ಹಾಕಬಹುದಾದ ಅಪಾಯ ಒಂದು, ಲೆಕ್ಕಕ್ಕೇ ಸಿಗದ ಅನಿಶ್ಚಿತತೆ ಇನ್ನೊಂದು. ಎರಡನೆಯದನ್ನು ಹೊರುವವನಿಗೆ ಸಿಗುವುದೇ ನಿಜವಾದ ಲಾಭ ಅಂತ ಅವರ ವಾದ. ನಷ್ಟವೂ ಅವನದೇ ಅನ್ನುವುದು ಆ ಮಾತಿನಲ್ಲೇ ಸೇರಿದೆ.

ಲೆಕ್ಕಕ್ಕೆ ಸಿಗುವ ದಾರಿ

ಒಂದು ಸಣ್ಣ ದರ್ಶಿನಿಯ ತಿಂಗಳ ಲೆಕ್ಕ ಬಿಡಿಸಿ ನೋಡೋಣ. ಇವು ವಿವರಣೆಗೆ ನಾನೇ ಇಟ್ಟುಕೊಂಡ ಅಂಕಿಗಳು. ನಿಮ್ಮ ಊರಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಬಹುದು.

ದಿನದ ವ್ಯಾಪಾರ 18,000 ರೂಪಾಯಿ ಅನ್ನಿ, ತಿಂಗಳಿಗೆ 5,40,000. ಅಕ್ಕಿ, ಉದ್ದು, ಎಣ್ಣೆ, ತೆಂಗಿನಕಾಯಿ, ತರಕಾರಿ, ಹಾಲು ಸೇರಿ ನೂರಕ್ಕೆ ನಲವತ್ತು ಹೋದರೆ 2,16,000. ಇಬ್ಬರು ಮಾಸ್ಟರ್‌ಗಳು, ಕೌಂಟರಿನವರು, ಕ್ಲೀನಿಂಗಿನವರು ಎಲ್ಲ ಸೇರಿ ಸಂಬಳ 1,40,000. ಬಾಡಿಗೆ 60,000. ಕಮರ್ಷಿಯಲ್ ಸಿಲಿಂಡರ್, ಕರೆಂಟು, ನೀರು 45,000. ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆಯ ಜಿಎಸ್‌ಟಿ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ವಹಿವಾಟಿನ ಶೇಕಡಾ 5, ಅಂದರೆ 27,000. ಅದನ್ನು ಗಿರಾಕಿಯ ಬಿಲ್ಲಿನ ಮೇಲೆ ಬೇರೆಯಾಗಿ ಹಾಕುವಂತಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆಯಿಂದಲೇ ಕಟ್ಟಬೇಕು. ರಿಪೇರಿ, ಪಾರ್ಸೆಲ್ ಸಾಮಾನು, ಉಳಿದು ಚೆಲ್ಲಿದ್ದು ಅಂತ ಇನ್ನೊಂದು 20,000. ಕೊನೆಗೆ ಉಳಿಯುವುದು 32,000. ಬೆಳಿಗ್ಗೆ ನಾಲ್ಕೂವರೆಗೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವವನಿಗೆ ಇದು ದೊಡ್ಡ ಮೊತ್ತವಲ್ಲ. ಬ್ಯಾಂಕಿನ ಕಂತು ಇದರಲ್ಲೇ ಕಟ್ಟಬೇಕು.

ಇನ್ನು ದಿನದ ವ್ಯಾಪಾರ 22,000ಕ್ಕೆ ಏರಿತು ಅಂದುಕೊಳ್ಳಿ. ಸಾಮಾನು, ತೆರಿಗೆ ಆ ಪ್ರಮಾಣಕ್ಕೆ ಏರುತ್ತವೆ, ಗ್ಯಾಸ್ ಕರೆಂಟು 50,000 ಆಗುತ್ತದೆ. ಬಾಡಿಗೆ, ಸಂಬಳ ಅಷ್ಟೇ. ಈಗ ಉಳಿಯುವುದು 93,000. ದಿನಕ್ಕೆ ನಾಲ್ಕು ಸಾವಿರ ಹೆಚ್ಚಿದ್ದಕ್ಕೆ ಕೈಗೆ ಬರುವ ದುಡ್ಡು ಸುಮಾರು ಮೂರು ಪಟ್ಟಾಯಿತು. ಅದೇ 15,000ಕ್ಕೆ ಇಳಿದರೆ, ಗ್ಯಾಸ್ ಕರೆಂಟು ಸ್ವಲ್ಪ ತಗ್ಗಿದರೂ, ತಿಂಗಳಿಗೆ ಹದಿನೈದು ಸಾವಿರದಷ್ಟು ನೀವೇ ಕೈಯಿಂದ ಹಾಕಬೇಕು.

ವ್ಯಾಪಾರ ಮಾಡುವವರ ಜಾಣತನವೆಲ್ಲ ಈ 15 ಮತ್ತು 22 ಸಾವಿರದ ನಡುವಿನ ಅಂತರದಲ್ಲೇ ಇದೆ. ಅಂತರ ಯಾವುದರಿಂದ ಬರುತ್ತದೆ ಅಂತಲೂ ಗೊತ್ತು: ಬಸ್ ಸ್ಟಾಪು ರಸ್ತೆಯ ಯಾವ ಬದಿಗಿದೆ, ಚಟ್ನಿ ಸಂಜೆಯೂ ಬೆಳಗಿನ ಹಾಗೇ ಇರುತ್ತದಾ, ಗಲ್ಲಾದಲ್ಲಿ ಕೂತವರು ಚಿಲ್ಲರೆಗೆ ಮುಖ ಸಿಂಡರಿಸುತ್ತಾರಾ. ಅಂಗಡಿ ಹಿಡಿಯುವ ಮೊದಲೇ ಇದರ ಅರ್ಧವನ್ನು ತಿಳಿದುಕೊಳ್ಳಬಹುದು. ಆ ರಸ್ತೆಯಲ್ಲಿ ಆಗಲೇ ನಡೆಯುತ್ತಿರುವ ಹೋಟೆಲಿನ ಎದುರು ಒಂದು ಸೋಮವಾರ, ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಿಂತು, ಒಳಗೆ ಹೋದವರ ತಲೆ ಎಣಿಸಿ. ಒಬ್ಬೊಬ್ಬರು ಸರಾಸರಿ ಎಷ್ಟಕ್ಕೆ ತಿನ್ನುತ್ತಾರೆ ಅನ್ನುವುದು ಬೆಲೆಪಟ್ಟಿ ನೋಡಿದರೆ ಅಂದಾಜಿಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ಮಾಲೀಕರ ಮುಂದೆ ಕೂರುವ ಮೊದಲು ಈ ಎರಡು ಬೆಳಗುಗಳನ್ನು ಖರ್ಚು ಮಾಡದವರು ಲಕ್ಷಗಟ್ಟಲೆ ದುಡ್ಡನ್ನು ಸುಮ್ಮನೆ ಪಣಕ್ಕೆ ಇಡುತ್ತಿದ್ದಾರೆ ಅಂತಲೇ ನಾನು ಹೇಳುತ್ತೇನೆ.

ಲೆಕ್ಕಕ್ಕೆ ಸಿಗದ ದಾರಿ

ಅದೇ ಅಕ್ಕಿ, ಅದೇ ಉದ್ದು. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ಬೆಂಗಳೂರಿನಲ್ಲಿ 50 ಚದರಡಿಯ ಅಡುಗೆಕೋಣೆಯಲ್ಲಿ ರುಬ್ಬಿದ ದೋಸೆ ಹಿಟ್ಟನ್ನು ಪ್ಯಾಕೆಟ್ಟಿಗೆ ತುಂಬಿ ಅಂಗಡಿಗಳಿಗೆ ಕೊಡಲು ಶುರುಮಾಡಿದರು. ಐಡಿ ಫ್ರೆಶ್ ಫುಡ್ ಹುಟ್ಟಿದ್ದು ಹಾಗೆ. ಹಿಟ್ಟು ರುಬ್ಬುವುದರಲ್ಲಿ ಹೊಸದೇನೂ ಇರಲಿಲ್ಲ. ಮನೆಮನೆಯಲ್ಲಿ ಗ್ರೈಂಡರ್ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕೊಡುವ ಅಂಗಡಿಗಳೂ ಇದ್ದವು. ಮನೆಯ ಹಿಟ್ಟನ್ನು ಬಿಟ್ಟು ಬ್ರ್ಯಾಂಡಿನ ಹಿಟ್ಟಿಗೆ ಹೆಚ್ಚು ದುಡ್ಡು ಕೊಡುವ ಗೃಹಿಣಿ ಇದ್ದಾಳಾ ಅನ್ನುವುದು ಮಾತ್ರ ಯಾವ ರಸ್ತೆಯಲ್ಲಿ ನಿಂತು ತಲೆ ಎಣಿಸಿದರೂ ಸಿಗುವ ಉತ್ತರವಾಗಿರಲಿಲ್ಲ.

ಹಿಟ್ಟಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಪ್ಯಾಕೆಟ್ಟಿನೊಳಗೆ ಹೋದ ಮೇಲೂ ಹಿಟ್ಟು ಹುದುಗುತ್ತಲೇ ಇರುತ್ತದೆ. ವ್ಯಾನಿನಲ್ಲಿ ಸ್ವಲ್ಪ ಬಿಸಿಯಾದರೆ ಪ್ಯಾಕೆಟ್ಟು ಊದುತ್ತದೆ. ಕರೆಂಟು ಉಳಿಸೋಣ ಅಂತ ಅಂಗಡಿಯವರು ರಾತ್ರಿ ಫ್ರಿಜ್ ಆಫ್ ಮಾಡಿ ಹೋದರೆ ಬೆಳಿಗ್ಗೆ ಹುಳಿ ಬಂದಿರುತ್ತದೆ, ಬೈಗುಳ ಮಾತ್ರ ಬ್ರ್ಯಾಂಡಿಗೆ. ಮಾರಾಟವಾಗದೆ ಉಳಿದದ್ದನ್ನು ವಾಪಸ್ ತಗೊಳ್ಳುವುದಾದರೆ ಆ ನಷ್ಟವೂ ತಯಾರಕರದೇ, ವಾಪಸ್ ತಗೊಳ್ಳದಿದ್ದರೆ ಅಂಗಡಿಯವರು ಇಟ್ಟುಕೊಳ್ಳುವುದೇ ಇಲ್ಲ. ಇಂಥ ಕೆಲಸದಲ್ಲಿ ಮೊದಲ ವರ್ಷ ‘ತಿಂಗಳಿಗೆ ಎಷ್ಟು ಉಳಿಯುತ್ತದೆ’ ಅಂತ ಕೇಳಿದರೆ ಪ್ರಾಮಾಣಿಕ ಉತ್ತರ ಇರುವುದಿಲ್ಲ. ದರ್ಶಿನಿಗೆ ಮಾಡಿದ ಹಾಗೆ ಎಕ್ಸೆಲ್ ಶೀಟು ಮಾಡಬಹುದು, ಪ್ರತಿ ಸಾಲಿನಲ್ಲೂ ಇರುವುದು ಊಹೆ.

ಹಾಗಾಗಿ ಇಲ್ಲಿ ಮಾಡಬೇಕಾದ ಕೆಲಸವೂ ಬೇರೆ. ವ್ಯಾಪಾರಿ ಮೊದಲು ಜಾಗ, ಯಂತ್ರ, ಜನ ಹೊಂದಿಸಿಕೊಂಡು ಬಾಗಿಲು ತೆರೆಯುತ್ತಾನೆ. ಹೊಸದನ್ನು ಹಿಡಿದವನು ಅದನ್ನೆಲ್ಲ ಆದಷ್ಟು ತಡ ಮಾಡಬೇಕು. ದೊಡ್ಡ ಗ್ರೈಂಡರ್ ಕೊಳ್ಳುವ ಮೊದಲು, ಗುರುತು ಪರಿಚಯ ಇಲ್ಲದ ಇಪ್ಪತ್ತು ಮನೆಗಳು ಎರಡನೇ ಸಲ ದುಡ್ಡು ಕೊಟ್ಟು ಕೊಂಡುಕೊಂಡವಾ ನೋಡಬೇಕು. ಮೊದಲ ಸಲ ಕುತೂಹಲಕ್ಕೆ ಯಾರಾದರೂ ಕೊಳ್ಳುತ್ತಾರೆ. ನೆಂಟರು, ಸ್ನೇಹಿತರು ‘ತುಂಬಾ ಚೆನ್ನಾಗಿದೆ, ಮುಂದುವರಿಸಿ’ ಅನ್ನುತ್ತಾರೆ, ಅವರ ಪ್ರೀತಿಗೆ ಕೈಮುಗಿದು ಆ ಮಾತನ್ನು ಲೆಕ್ಕದಿಂದ ಹೊರಗಿಡಿ.

ಸಣ್ಣದು, ದೊಡ್ಡದು ಅನ್ನುವ ತಪ್ಪು ಅಳತೆ

ವ್ಯಾಪಾರ ಅಂದರೆ ಸಣ್ಣ ಅಂಗಡಿ, ಉದ್ಯಮಶೀಲತೆ ಅಂದರೆ ಕೋಟಿಗಳ ಕಂಪನಿ ಅನ್ನುವ ನಂಬಿಕೆ ನಮ್ಮ ಹುಡುಗರಲ್ಲಿ ಗಟ್ಟಿಯಾಗಿ ಕೂತಿದೆ. ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುವುದು ಅವಮಾನ, ಗೆಳೆಯರ ಜೊತೆ ಆ್ಯಪ್ ಮಾಡುವುದು ಗೌರವ ಅಂದುಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕರ್ನಾಟಕದ್ದೇ ಎರಡು ಉದಾಹರಣೆ ಅಕ್ಕಪಕ್ಕ ಇಟ್ಟು ನೋಡಿ.

ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಶುರುಮಾಡಿದರು. ಮನೆತನದ ಮುದ್ರಣ, ಪ್ರಕಾಶನದ ಕೆಲಸ ಬಿಟ್ಟು ಬಂದಿದ್ದರು. ಲಾರಿ ಸಾಗಾಣಿಕೆ ಹೊಸದೇನಲ್ಲ, ಆಗಲೇ ಎಷ್ಟೋ ಜನ ಮಾಡುತ್ತಿದ್ದ ವ್ಯಾಪಾರ. ಸಾಮಾನು ಸಾಗಿಸಲು ದುಡ್ಡು ಕೊಡುವವರು ಇದ್ದಾರೋ ಇಲ್ಲವೋ ಅನ್ನುವ ಅನುಮಾನ ಯಾರಿಗೂ ಇರಲಿಲ್ಲ. ಪ್ರಶ್ನೆ ಇದ್ದದ್ದು ಹೇಳಿದ ದಿನಕ್ಕೆ ಮುಟ್ಟಿಸುವುದು, ಡೀಸೆಲ್, ಟೈರು, ರಿಪೇರಿಯ ಖರ್ಚನ್ನು ಹಿಡಿತದಲ್ಲಿಡುವುದು, ಲಾರಿ ಖಾಲಿ ವಾಪಸ್ ಬರದ ಹಾಗೆ ನೋಡಿಕೊಳ್ಳುವುದು. ಅದನ್ನೇ ದಶಕಗಳ ಕಾಲ ಮಾಡಿ ಅವರ ಕಂಪನಿ ವಿಆರ್‌ಎಲ್ ದೇಶದ ದೊಡ್ಡ ಖಾಸಗಿ ವಾಹನ ಪಡೆಗಳಲ್ಲಿ ಒಂದಾಯಿತು, 2015ರಲ್ಲಿ ಷೇರುಪೇಟೆಗೂ ಬಂತು.

ಇನ್ನೊಂದು, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್. 2003ರ ಆಗಸ್ಟಿನಲ್ಲಿ ಮೊದಲ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ರೈಲಿನಲ್ಲಿ ಹೋಗುವವನಿಗೆ ವಿಮಾನದ ಟಿಕೆಟ್ ಮಾರಬಹುದಾ ಅನ್ನುವುದು ಆಗ ಉತ್ತರವಿಲ್ಲದ ಪ್ರಶ್ನೆ. ಮಾರಬಹುದು ಅಂತ ಅವರು ತೋರಿಸಿಕೊಟ್ಟರು, ದೇಶದಲ್ಲಿ ವಿಮಾನ ಹತ್ತುವವರು ಯಾರು ಅನ್ನುವ ಕಲ್ಪನೆಯನ್ನೇ ಬದಲಿಸಿದರು. ಆದರೆ ಕಂಪನಿ ನಷ್ಟದಿಂದ ಹೊರಬರಲಿಲ್ಲ. 2007ರಲ್ಲಿ ಅದರಲ್ಲಿ ದೊಡ್ಡ ಪಾಲು ಕಿಂಗ್‌ಫಿಷರ್‌ನ ಯುಬಿ ಗುಂಪಿನ ಪಾಲಾಯಿತು, ಆಮೇಲೆ ಆ ಹೆಸರೇ ಅಳಿಸಿಹೋಯಿತು. ಅವರು ತೆರೆದ ಮಾರುಕಟ್ಟೆಯ ಫಲ ಉಂಡವರು 2006ರಲ್ಲಿ ಹಾರಾಟ ಶುರುಮಾಡಿದ ಇಂಡಿಗೋದಂಥವರು.

ಇದನ್ನು ಓದಿ ಗೋಪಿನಾಥ್ ಸೋತರು ಅನ್ನಬಾರದು, ಅವರ ಕೆಲಸದ ಬಗ್ಗೆ ನನಗೆ ತುಂಬು ಗೌರವವಿದೆ. ಹೊಸ ದಾರಿ ಕಡಿಯುವವರಿಗೆ ಇರುವ ಒಂದು ವಿಶೇಷ ಕಷ್ಟ ಇಲ್ಲಿ ಕಾಣುತ್ತದೆ. ಐಡಿಯಾ ಸರಿಯಿದ್ದೂ, ಜನ ಒಪ್ಪಿಕೊಂಡೂ, ದುಡ್ಡು ಬೇರೆಯವರ ಕೈಸೇರಬಹುದು. ಮೂಲೆಯ ದರ್ಶಿನಿಗೆ ಈ ಕಷ್ಟ ಇಲ್ಲ. ಅದರ ಗಿರಾಕಿ ಅದರ ಗಿರಾಕಿಯೇ.

ದುಡ್ಡು ಎಲ್ಲಿಂದ ತರುತ್ತೀರಿ

ಎರಡು ದಾರಿಗಳ ನಡುವೆ ಅತಿ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಹೆಚ್ಚು ಜನ ಕೈಸುಟ್ಟುಕೊಳ್ಳುವುದೂ ಇಲ್ಲೇ, ದಾರಿಗೆ ಹೊಂದದ ದುಡ್ಡು ತಂದು.

ಬ್ಯಾಂಕ್ ಸಾಲಕ್ಕೆ ಒಂದು ಸ್ವಭಾವ ಇದೆ. ನಿಮ್ಮ ಐಡಿಯಾ ಎಷ್ಟು ಹೊಸದು ಅನ್ನುವುದು ಅದಕ್ಕೆ ಬೇಡ, ಕಂತು ತಿಂಗಳು ತಿಂಗಳು ಬರಬೇಕು. ಸ್ವಲ್ಪ ಕಾಲ ವಿನಾಯಿತಿ ಸಿಗಬಹುದು, ಆಮೇಲೆ ನಿಲ್ಲುವಂತಿಲ್ಲ. ಹಾಗಾಗಿ ಅದು ದರ್ಶಿನಿಗೆ, ಹಿಟ್ಟಿನ ಗಿರಣಿಗೆ, ಲಾರಿಗೆ, ಟೈಲರಿಂಗ್ ಘಟಕಕ್ಕೆ ಹೇಳಿ ಮಾಡಿಸಿದ ದುಡ್ಡು. ಮುದ್ರಾ ಯೋಜನೆಯಲ್ಲಿ ಶಿಶು ಅಂದರೆ 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಉಪ್ಪಿನಕಾಯಿ, ಹಪ್ಪಳ, ಬೆಲ್ಲ, ಗಾಣದೆಣ್ಣೆಯಂಥ ಆಹಾರ ತಯಾರಿಕೆಯ ಸಣ್ಣ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಬ್ಸಿಡಿ ಇದೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ.

ಇದೇ ಸಾಲವನ್ನು ಕೊಳ್ಳುವವರು ಯಾರೆಂದೇ ಗೊತ್ತಿಲ್ಲದ ಹೊಸ ಐಡಿಯಾಕ್ಕೆ ಹಾಕಿದರೆ ಏನಾಗುತ್ತದೆ? ಐಡಿಯಾ ಕುದುರಲು ಎರಡು ವರ್ಷ ಬೇಕು, ಕಂತು ಏಳನೇ ತಿಂಗಳಿಗೆ ಶುರುವಾಗುತ್ತದೆ. ಆಗ ಕೈಸಾಲ, ಹೆಂಡತಿಯ ಬಳೆ, ಚೀಟಿ ಎತ್ತುವುದು, ಊರಿನ ಸೈಟು, ಹೀಗೆ ಒಂದೊಂದೇ ಹೋಗುತ್ತವೆ. ಐಡಿಯಾ ಕೆಟ್ಟದ್ದಾಗಿರಲಿಲ್ಲ, ದುಡ್ಡಿನ ಜಾತಿ ತಪ್ಪಿತ್ತು.

ಹೂಡಿಕೆದಾರರ ದುಡ್ಡಿಗೆ ಕಂತು ಇಲ್ಲ, ಕಂಪನಿಯಲ್ಲಿ ಪಾಲು ಕೊಡಬೇಕು. ಅವರ ಲೆಕ್ಕ ಹೀಗೆ: ಹತ್ತು ಕಂಪನಿಗೆ ಹಾಕಿದರೆ ಹೆಚ್ಚಿನವು ಮುಳುಗುತ್ತವೆ ಅಂತ ಅವರಿಗೆ ಗೊತ್ತು, ಉಳಿದ ಒಂದೆರಡು ಹಲವು ಪಟ್ಟು ಬೆಳೆದು ಎಲ್ಲವನ್ನೂ ತುಂಬಿಕೊಡಬೇಕು. ಮತ್ತೆ, ಅವರ ನಿಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ವಾಪಸ್ ಮಾಡಬೇಕಿರುವುದರಿಂದ, ನಿಮ್ಮ ಕಂಪನಿ ಯಾರಿಗಾದರೂ ಮಾರಾಟವಾಗಲೇಬೇಕು ಅಥವಾ ಷೇರುಪೇಟೆಗೆ ಹೋಗಲೇಬೇಕು. ವರ್ಷಕ್ಕೆ ನೂರಕ್ಕೆ ಹದಿನೈದರಂತೆ ನೆಮ್ಮದಿಯಾಗಿ ಬೆಳೆದು, ಮನೆ ನಡೆಸಿ, ಹತ್ತು ಜನಕ್ಕೆ ಕೆಲಸ ಕೊಡುವ ವ್ಯಾಪಾರ ನಿಮಗೆ ಹೆಮ್ಮೆ, ಅವರಿಗೆ ನಿರುಪಯೋಗಿ. ಅಂಥ ವ್ಯಾಪಾರಕ್ಕೆ ಇಂಥ ದುಡ್ಡು ತಂದವರು ಬೇಡದ ಊರುಗಳಲ್ಲಿ ಬ್ರಾಂಚ್ ತೆರೆದು ಹಾಳಾಗುತ್ತಾರೆ.

ಹೊಸದು ಮಾಡುವವರಿಗೆಲ್ಲ ಹೂಡಿಕೆದಾರರು ಬೇಕೇಬೇಕು ಅಂತಲೂ ಇಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ನಿತಿನ್ ಕಾಮತ್ ಶುರುಮಾಡಿದ ಝೆರೋಧಾ ಹೊರಗಿನ ಹೂಡಿಕೆ ತೆಗೆದುಕೊಳ್ಳದೆಯೇ ಷೇರು ದಲ್ಲಾಳಿತನದ ದರವನ್ನು ತಲೆಕೆಳಗು ಮಾಡಿತು. ಆದರೆ ಆ ದಾರಿಗೆ, ಆದಾಯವಿಲ್ಲದ ತಿಂಗಳುಗಳನ್ನು ತಡೆದುಕೊಳ್ಳುವ ಸ್ವಂತ ದುಡ್ಡು ಬೇಕು. ಸರ್ಕಾರದ ಕಡೆಯಿಂದ ನೋಡುವುದಾದರೆ ಕರ್ನಾಟಕದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದ ಹೊಸ ಕಂಪನಿಗಳಿಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಇದು ಸಾಲ ಅಲ್ಲ, ಪಾಲನ್ನೂ ಕೇಳುವುದಿಲ್ಲ.

ನಡುವಿನ ದಾರಿ

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ನೇರವಾಗಿ ಇಡುತ್ತೇನೆ. ಮನೆಯಲ್ಲಿ ಓದುವ ಮಕ್ಕಳು, ವಯಸ್ಸಾದ ತಂದೆತಾಯಿ ಇದ್ದು, ಕೈಯಲ್ಲಿ ಹದಿನೈದು ಇಪ್ಪತ್ತು ಲಕ್ಷ ಉಳಿತಾಯ ಇರುವವರು ಮೊದಲು ವ್ಯಾಪಾರವನ್ನೇ ಆರಿಸಿಕೊಳ್ಳಬೇಕು. ಹೊಸದು ಮಾಡುವ ಹಂಬಲ ಇದ್ದರೆ ಅದು ಆ ವ್ಯಾಪಾರದ ಒಳಗಿನಿಂದಲೇ ಹುಟ್ಟಲಿ. ನಮ್ಮ ನಾಡಿನಲ್ಲಿ ಉಳಿದುಕೊಂಡ ಹೊಸತುಗಳಲ್ಲಿ ಎಷ್ಟೋ ಹುಟ್ಟಿದ್ದು ಹಾಗೇ.

ಉಡುಪಿಯಲ್ಲಿ 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅವರು 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ ಕಟ್ಟಿಸಿಕೊಳ್ಳುವುದು. ಎರಡಾಣೆಗಾಗಿ ಒಬ್ಬ ಮನುಷ್ಯ ನಡೆದುಕೊಂಡು ಹೋದರೆ ಬ್ಯಾಂಕಿಗೆ ಪೂರೈಸುತ್ತದಾ ಅನ್ನುವುದು ಆ ಕಾಲಕ್ಕೆ ಸಣ್ಣ ಪ್ರಶ್ನೆಯಲ್ಲ. ಅದನ್ನು ಪ್ರಯೋಗಕ್ಕೆ ಇಳಿಸುವಾಗ ಬ್ಯಾಂಕು ಆಗಲೇ ನಡೆಯುತ್ತಿತ್ತು ಅನ್ನುವುದನ್ನು ಗಮನಿಸಿ.

1924ರಲ್ಲಿ ಹುಟ್ಟಿದ ಎಂಟಿಆರ್ ಕಥೆ ಇನ್ನೂ ಸ್ಪಷ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿ ಹೋಟೆಲ್ ನಡೆಸುವುದೇ ಕಷ್ಟವಾದಾಗ ಅವರು ಸಿದ್ಧ ಮಿಶ್ರಣ, ಮಸಾಲೆಪುಡಿಯ ಪ್ಯಾಕೆಟ್ಟುಗಳ ಕಡೆ ತಿರುಗಿದರು. ಆ ಪ್ಯಾಕೆಟ್ಟಿನ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಅದನ್ನು ಕಟ್ಟಿದ ಮಯ್ಯರ ಮನೆತನದಲ್ಲೇ ಉಳಿದು ಇವತ್ತಿಗೂ ಭರ್ತಿಯಾಗಿ ನಡೆಯುತ್ತಿದೆ.

ನಿಮ್ಮ ಮಟ್ಟಕ್ಕೆ ಇಳಿಸಿ ಹೇಳುವುದಾದರೆ, ದರ್ಶಿನಿ ತಿಂಗಳಿಗೆ 93,000 ಉಳಿಸುವ ಹಂತಕ್ಕೆ ಬಂದರೆ ಅದರಲ್ಲಿ ಹತ್ತು ಸಾವಿರ ತೆಗೆದು ಹೊಸ ಪ್ರಯೋಗಕ್ಕೆ ಇಡಿ. ಸಿರಿಧಾನ್ಯದ ದೋಸೆ ಹಿಟ್ಟೋ, ಹಾಸ್ಟೆಲ್‌ಗಳಿಗೆ ತಿಂಗಳ ಚಂದಾ ತಿಂಡಿಯೋ, ಏನಾದರೂ ಸರಿ. ಹೋದರೆ ಹತ್ತು ಸಾವಿರ. ಕೈಹಿಡಿದರೆ ಅದಕ್ಕೆ ಬೇರೆ ಹೆಸರು, ಬೇರೆ ಲೆಕ್ಕದ ಪುಸ್ತಕ, ಬೇರೆ ಬ್ಯಾಂಕ್ ಖಾತೆ. ಹೋಟೆಲಿನ ಹಾಲಿನವನಿಗೆ ಕೊಡಬೇಕಾದ ದುಡ್ಡು ಪ್ರಯೋಗಕ್ಕೆ ಹರಿದುಹೋಗಲು ಯಾವತ್ತೂ ಬಿಡಬಾರದು.

ನೇರವಾಗಿ ಹೊಸದಕ್ಕೇ ಇಳಿಯಬೇಕಾದವರೂ ಇದ್ದಾರೆ. ಇಪ್ಪತ್ತೈದರ ಆಸುಪಾಸು, ಮನೆಯ ಹೊರೆ ಇಲ್ಲ, ಒಂದು ಕ್ಷೇತ್ರದಲ್ಲಿ ಒಳಗಿನ ತಿಳಿವಳಿಕೆ ಇದೆ, ಮುಳುಗಿದರೆ ಮತ್ತೆ ನೌಕರಿ ಸಿಗುತ್ತದೆ. ಅಂಥವರು ದರ್ಶಿನಿ ತೆರೆದು ಹತ್ತು ವರ್ಷ ಕಾಯಬೇಕಿಲ್ಲ. ಎಷ್ಟು ತಿಂಗಳು, ಎಷ್ಟು ದುಡ್ಡು ಅನ್ನುವ ಗಡುವನ್ನು ಶುರುವಿನಲ್ಲೇ ಬರೆದು ಮನೆಯವರ ಕೈಗೆ ಕೊಟ್ಟು ಹೊರಡಲಿ.

ಕಾಗದಪತ್ರ

ವ್ಯಾಪಾರಕ್ಕೆ ಸ್ವಂತ ಮಾಲೀಕತ್ವವೇ ಸಾಕು: ನಿಮ್ಮ ಪ್ಯಾನ್, ಒಂದು ಕರೆಂಟ್ ಅಕೌಂಟ್, ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರವಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್. ಹೋಟೆಲಿನಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇದರ ಕೊರತೆ ಒಂದೇ, ವ್ಯಾಪಾರದ ಸಾಲಕ್ಕೆ ನಿಮ್ಮ ಮನೆಮಠವೂ ಹೊಣೆ.

ಹೊರಗಿನವರ ಹೂಡಿಕೆ ಬೇಕಾದರೆ ಸಾಮಾನ್ಯವಾಗಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಬೇಕಾಗುತ್ತದೆ. ಆಗ ವಹಿವಾಟು ಸೊನ್ನೆ ಇದ್ದರೂ ಪ್ರತಿ ವರ್ಷ ಆಡಿಟ್ ಆಗಬೇಕು, ಆಡಿಟರ್ ಫೀಸು ತಪ್ಪುವುದಿಲ್ಲ. ಕೇಂದ್ರದ ಸ್ಟಾರ್ಟಪ್ ಮಾನ್ಯತೆ ಸ್ವಂತ ಮಾಲೀಕತ್ವದ ಅಂಗಡಿಗೆ ಸಿಗುವುದಿಲ್ಲ, ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ) ಅಥವಾ ನೋಂದಾಯಿತ ಪಾಲುದಾರಿಕೆ ಇರಬೇಕು. ಐಡಿಯಾ ಇನ್ನೂ ತಲೆಯಲ್ಲೇ ಇರುವಾಗ ಕಂಪನಿ ನೋಂದಾಯಿಸಿ ವಿಸಿಟಿಂಗ್ ಕಾರ್ಡ್ ಮಾಡಿಸಿಕೊಳ್ಳುವುದು ವ್ಯರ್ಥ. ದುಡ್ಡು ಕೊಡುವ ಗಿರಾಕಿ ಸಿಕ್ಕ ಮೇಲೆ ಮಾಡಿದರೂ ತಡವಾಗುವುದಿಲ್ಲ.

ಗೆಳೆಯರ ಜೊತೆ ಸೇರಿ ಮಾಡುವುದಾದರೆ, ಯಾವ ದಾರಿಯಾದರೂ, ಯಾರದು ಎಷ್ಟು ಪಾಲು, ಒಬ್ಬರು ನಡುವೆ ಬಿಟ್ಟುಹೋದರೆ ಅವರ ಪಾಲು ಏನಾಗುತ್ತದೆ ಅಂತ ಮೊದಲ ತಿಂಗಳಲ್ಲೇ ಬರೆದು ಸಹಿ ಹಾಕಿ.

ಕಲಿಯುವ ಜಾಗಗಳೂ ಇವೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಊಟ ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗದ ತರಬೇತಿ ನೀಡುತ್ತದೆ. ಅದೇ ಮಾದರಿಯ ಆರ್‌ಸೆಟಿಗಳು ಈಗ ದೇಶದ ಉದ್ದಕ್ಕೂ ಜಿಲ್ಲೆ ಜಿಲ್ಲೆಗಳಲ್ಲಿವೆ. ಧಾರವಾಡದ ಸಿಡಾಕ್ ಕೂಡ ಉದ್ಯಮಶೀಲತೆಯ ತರಬೇತಿಗೇ ಇರುವ ರಾಜ್ಯದ ಸಂಸ್ಥೆ. ಮೊಬೈಲ್ ರಿಪೇರಿ, ಹೈನುಗಾರಿಕೆ, ಟೈಲರಿಂಗ್, ಬೇಕರಿ ಯಾವುದನ್ನಾದರೂ ವ್ಯಾಪಾರವಾಗಿ ನಡೆಸುವ ಯೋಚನೆ ಇದ್ದರೆ ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಜಿಲ್ಲೆಯ ಆರ್‌ಸೆಟಿಗೆ ಹೋಗಿ ಮುಂದಿನ ಬ್ಯಾಚ್ ಯಾವಾಗ ಅಂತ ಕೇಳಿ ಬನ್ನಿ.